ಎಡಗಡೆಯ ಕಾರ್ನರ್

ನಂಗಲಿಯ ಮೈದಾನದಲ್ಲಿ ವಕ್ಕಲೇರಿಯ ಕಬಡ್ಡಿ ಹುಡುಗಿಯರು ಒಂದೇ ಒಂದು ಅಂಕದಿಂದ ಸೋತರು. ಇಪ್ಪತ್ತೆಂಟು, ಇಪ್ಪತ್ತೇಳು. ಹತ್ತು ಅಂಕದಿಂದ ಸೋತಿದ್ದರೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಬಟ್ಟೆ ಕೊಡವಿಕೊಂಡು ಗಾಡಿ ಹತ್ತುತ್ತಿದ್ದರು. ಒಂದು ಅಂಕದ ಸೋಲು ಹಾಗಲ್ಲ. ಅದನ್ನು ಊರು ಮುಟ್ಟುವವರೆಗೂ ಅಗಿಯಬಹುದು, ಮುಟ್ಟಿದ ಮೇಲೂ ಅಗಿಯಬಹುದು.

ಹುಡುಗಿಯರು ಬಾಡಿಗೆಯ ಟೆಂಪೋದಲ್ಲಿ ಹೊರಟರು. ಅವರ ಹಿಂದೆಯೇ ಅಮ್ಜದ್‌ನ ಪಿಕಪ್ ಗಾಡಿ. ವಾರವೆಲ್ಲ ಅದು ಕೋಲಾರದ ಮಾರ್ಕೆಟ್ಟಿಗೆ ಟೊಮ್ಯಾಟೊ ಹೊರುತ್ತಿತ್ತು. ಮ್ಯಾಚ್ ಇದ್ದ ಭಾನುವಾರ ಮಾತ್ರ ಊರಿನ ಅಭಿಮಾನಿಗಳನ್ನು ಹೊರುತ್ತಿತ್ತು. ಮುಂದಿನ ಸೀಟಿನಲ್ಲಿ ಅಮ್ಜದ್‌ನ ಪಕ್ಕಕ್ಕೆ ಕೋದಂಡರಾಮಪ್ಪ, ಸಾರಿಗೆ ಬಸ್ಸಿನ ನಿವೃತ್ತ ಕಂಡಕ್ಟರ್. ಕಿಟಕಿಯ ಕಡೆ ಶೋಭಾರಾಣಿ.

ಶೋಭಾರಾಣಿಗೆ ಮೂವತ್ತಾರು ನಡೆಯುತ್ತಿತ್ತು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಗಂಡ, ಅತ್ತೆ, ಶಾಲೆಗೆ ಹೋಗುವ ಮಗಳು, ಇಷ್ಟು ಅವಳ ಸಂಸಾರ. ಕೋಲಾರದಲ್ಲಿ ಓದುವಾಗ ಕಾಲೇಜಿನ ತಂಡದಲ್ಲಿ ಎಡಗಡೆಯ ಕಾರ್ನರ್, ಅಂದರೆ ಸಾಲಿನ ಎಡ ತುದಿಯಲ್ಲಿ ನಿಂತು ರೈಡರ್‌ನ ಕಾಲು ಹಿಡಿಯುವವಳಾಗಿ ಆಡಿದ್ದಳು. ಮದುವೆಯಾದ ಮೇಲೆ ಆಟ ನಿಂತಿತು, ನೋಡುವುದು ನಿಲ್ಲಲಿಲ್ಲ. ಊರಿನಲ್ಲಿ ಹುಡುಗಿಯರ ತಂಡ ಶುರುವಾದ ದಿನದಿಂದ ಅಂಕಣದ ಸುತ್ತಲಿನ ಹಗ್ಗದ ಆಚೆ ಅವಳಿಗೊಂದು ಜಾಗ ಕಾಯಂ ಆಗಿತ್ತು.

"ರೆಫರಿ ಅವರೂರೋನು ಅಕ್ಕ," ಅಂದ ಅಮ್ಜದ್, ಲಾರಿಯೊಂದನ್ನು ಹಿಂದೆ ಹಾಕುತ್ತ. "ನಮ್ಮ ಜುವೇರಿಯಾ ಬೋನಸ್ ಲೈನ್ ದಾಟಿದ್ದು ಅವನಿಗೆ ಕಾಣಿಸ್ಲೇ ಇಲ್ಲ. ಅದೊಂದು ಕೊಟ್ಟಿದ್ರೆ ಸಮ ಆಗೋಗ್ತಿತ್ತು."

"ಸುಮ್ನಿರೋ, ರೆಫರಿ ಏನ್ ಮಾಡ್ತಾನೆ," ಕೋದಂಡರಾಮಪ್ಪ ರೇಗಿದರು. "ಕೊನೇ ರೈಡ್‌ನಲ್ಲಿ ಆಯಮ್ಮನ ಕಾಲು ನಮ್ಮ ಸುನಂದಂಗೆ ತಗುಲಿದ್ದು, ಕನ್ನಡಕ ಇಲ್ದೆ ನನಗೇ ಕಾಣಿಸ್ತು."

ಆ ಕೊನೆಯ ರೈಡ್ ಮೂವರ ಕಣ್ಣೆದುರೂ ಇನ್ನೂ ಇತ್ತು. ಅಂಕ ಸಮ. ಸುತ್ತಲೂ ನಂಗಲಿಯವರು ತೆಲುಗಿನಲ್ಲಿ "ಮುಟ್ಟುಕೋ, ಮುಟ್ಟುಕೋ" ಎಂದು ಕಿರುಚುತ್ತಿದ್ದರು. ವಕ್ಕಲೇರಿಯ ಎಡ ಕಾರ್ನರ್ ಮೇಘನ ಆಗಲೇ ಪಾದ ಉಳುಕಿಸಿಕೊಂಡು ಹೊರಗೆ ಕೂತಿದ್ದಳು. ಅವಳ ಜಾಗದಲ್ಲಿ ನಿಂತವಳು ಸುನಂದ. ಬೆಂಚಿನ ಮೇಲೆ ಇದ್ದವಳು ಅವಳೊಬ್ಬಳೇ, ಅದೂ ರೈಡ್ ಮಾಡುವ ಹುಡುಗಿ, ಹಿಡಿಯುವವಳಲ್ಲ. ನಂಗಲಿಯ ಉದ್ದನೆಯ ರೈಡರ್ ಬಂದಳು, ಸುಮ್ಮನೆ ಬೆನ್ನು ತಿರುಗಿಸಿದ ಹಾಗೆ ಮಾಡಿದಳು. ಸುನಂದ ಹಿಡಿಯಲು ಮುಂದೆ ಹೋದಳು. ಹಿಂದಕ್ಕೆ ಚಾಚಿದ ಕಾಲಿನ ಬೆರಳು ಅವಳ ಮೊಣಕಾಲಿಗೆ ಸೋಕಿತು. ಅಷ್ಟೇ.

ಮುಳಬಾಗಿಲು ದಾಟಿದ ಮೇಲೆ ಟೀ ಅಂಗಡಿಯೊಂದರ ಮುಂದೆ ಟೆಂಪೋ ನಿಂತಿತ್ತು. ಅಮ್ಜದ್ ಕೂಡ ಗಾಡಿ ನಿಲ್ಲಿಸಿದ. ಹುಡುಗಿಯರು ಟೆಂಪೋದೊಳಗೇ ಕೂತು ಬನ್ನು ತಿನ್ನುತ್ತಿದ್ದರು. ಇವರು ಬೇವಿನ ಮರದ ಕೆಳಗೆ ಗ್ಲಾಸು ಹಿಡಿದು ನಿಂತರು. ಮಾತು ತಂಡದ ಬೆಂಚಿನ ಕಡೆ ತಿರುಗಿತು.

"ಏಳು ಜನ ಚೆನ್ನಾಗಿದಾರೆ. ಸುನಂದ ಬಿಟ್ರೆ ಬೆಂಚಲ್ಲಿ ಇನ್ನೊಬ್ಬಳು ಎಲ್ಲಿ?" ಅಂದರು ಕೋದಂಡರಾಮಪ್ಪ. "ಹೋದ ವರ್ಷ ಬೆಂಚ್ ತುಂಬ ಇದ್ರು. ಎಲ್ಲಿ ಹೋದ್ರು ಎಲ್ಲಾ?"

ಎಲ್ಲಿ ಹೋದರು ಎಂದು ಮೂವರಿಗೂ ಗೊತ್ತಿತ್ತು. ಒಬ್ಬಳು ಮದುವೆಯಾಗಿ ಹೊಸಕೋಟೆ ಕಡೆ ಹೋಗಿದ್ದಳು. ಇನ್ನೊಬ್ಬಳಿಗೆ ಮಾಲೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಭಾನುವಾರವೂ ಶಿಫ್ಟು. ಮತ್ತೊಬ್ಬಳನ್ನು ಪರೀಕ್ಷೆ ಮುಗಿಯಲಿ ಎಂದು ಮನೆಯವರು ತಡೆದಿದ್ದರು. ಪರೀಕ್ಷೆ ಮುಗಿದು ಎಷ್ಟೋ ದಿನವಾಗಿತ್ತು, ಅವಳು ಬರಲಿಲ್ಲ.

"ಬೆಂಚ್ ಇಲ್ಲ ಅನ್ನೋದು ಸರಿ ಮಾಮ," ಅಂದಳು ಶೋಭಾರಾಣಿ. "ಆದ್ರೂ ಕಾರ್ನರ್‌ನಲ್ಲಿ ನಿಂತೋಳು ಕಾಯ್ಬೇಕು. ರೈಡರ್ ಒಳಗೆ ಬರೋವರೆಗೂ ಕಾಯ್ಬೇಕು. ಆ ಹುಡುಗಿ ತಾನೇ ಮುಂದಕ್ಕೆ ಹೋದ್ಲು. ಯಾಕ್ ಹೋಗ್ಬೇಕಿತ್ತು? ನಾನಾಗಿದ್ರೆ ನಿಂತಲ್ಲೇ ನಿಲ್ತಿದ್ದೆ."

"ಹಂಗಾದ್ರೆ ನೀವೇ ಬನ್ನಿ."

ಮೂವರೂ ತಿರುಗಿದರು. ಹಿಂದೆ ತಂಡದ ಕೋಚ್ ಅಮರನಾಥ್ ನೀರಿನ ಬಾಟಲಿ ತುಂಬಿಸಿಕೊಳ್ಳುತ್ತಿದ್ದ. ಕೋಲಾರದಲ್ಲಿ ಕೊರಿಯರ್ ಆಫೀಸಿನಲ್ಲಿ ಕೆಲಸ. ಸಂಜೆ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದ. ಅಮ್ಜದ್ ನಕ್ಕ, ಕೋದಂಡರಾಮಪ್ಪನೂ ನಕ್ಕರು. ಅಮರನಾಥ್ ನಗಲಿಲ್ಲ.

"ತಮಾಷೆಗೆ ಹೇಳ್ತಿಲ್ಲ ಶೋಭಕ್ಕ. ಇನ್ನು ಮೂರು ವಾರಕ್ಕೆ ಇದೇ ನಂಗಲಿಯವರು ನಮ್ಮೂರಿಗೆ ಬರ್ತಾರೆ. ಮೇಘನ ಕಾಲು ಅಷ್ಟರಲ್ಲಿ ಪೂರ್ತಿ ವಾಸಿ ಆಗಲ್ಲ. ಕಾರ್ನರ್ ಗೊತ್ತಿರೋರು ಊರಲ್ಲಿ ಇನ್ನೊಬ್ರು ನೀವೇ. ವಯಸ್ಸಿಗೆ ಇಲ್ಲಿ ಯಾರೂ ಅಡ್ಡಿ ಮಾಡಲ್ಲ."

ಶೋಭಾರಾಣಿ ಟೀ ಮುಗಿಸಿ ಗ್ಲಾಸು ಇಟ್ಟಳು. ಟೆಂಪೋದ ಕಿಟಕಿಯಲ್ಲಿ ಸುನಂದಳ ಮುಖ ಕಂಡಿತು. ಮಾತೆಲ್ಲ ಅವಳಿಗೆ ಕೇಳಿಸಿತ್ತೋ ಇಲ್ಲವೋ ತಿಳಿಯಲಿಲ್ಲ. ಅವಳು ಕವರಿನಲ್ಲಿ ಉಳಿದ ಬನ್ನಿನ ಚೂರುಗಳನ್ನು ಆರಿಸಿ ತಿನ್ನುತ್ತಿದ್ದಳು.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ ವೆಂಕಟ್ ಮೊದಲು ನಂಬಲಿಲ್ಲ.

"ಬಿದ್ದು ಕೈ ಮುರ್ಕೊಂಡ್ರೆ?"

"ಮುರ್ಕೊಂಡ್ರೆ ನೀವಿದೀರಲ್ಲ."

ಅತ್ತೆ ವೆಂಕಟರತ್ನಮ್ಮನ ಪ್ರಶ್ನೆ ಬೇರೆ. "ಸಾಯಂಕಾಲ ಹುಳಕ್ಕೆ ಸೊಪ್ಪು ಹಾಕೋರ್ಯಾರು?"

"ಇವರು ಹಾಕ್ಲಿ ಅತ್ತೆ."

"ಇವನಾ?" ಎಂದು ವೆಂಕಟರತ್ನಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಇವನು ಸೊಪ್ಪು ಹಾಕಿದ್ರೆ ಒಂದು ಮೂಲೇಲಿ ರಾಶಿ ಇರುತ್ತೆ, ಇನ್ನೊಂದು ಮೂಲೇಲಿ ಹುಳ ಉಪವಾಸ ಇರುತ್ತೆ. ಹೋಗು, ನಾನೇ ಜೊತೇಲಿ ನಿಂತು ಹಾಕಿಸ್ತೀನಿ."

ಹೀಗೆ ಆ ಬುಧವಾರ ಶೋಭಾರಾಣಿ ಮಗಳ ಅಕ್ಕಂದಿರ ವಯಸ್ಸಿನ ಹುಡುಗಿಯರ ಜೊತೆ ಶಾಲೆಯ ಮೈದಾನದಲ್ಲಿ ನಿಂತಳು. ಹಳೆಯ ಟ್ರ್ಯಾಕ್ ಪ್ಯಾಂಟಿನ ಸೊಂಟ ಬಿಗಿಯಾಗಿತ್ತು. ಒಂದು ಸುತ್ತು ಓಡುವಷ್ಟರಲ್ಲಿ ಪಕ್ಕೆ ಹಿಡಿಯಿತು. ಅದು ಅವಳಿಗೆ ನಿರೀಕ್ಷೆಯಲ್ಲಿದ್ದದ್ದೇ. ನಿರೀಕ್ಷೆಯಲ್ಲಿ ಇಲ್ಲದ್ದು ಬೇರೆ ಇತ್ತು. ಜುವೇರಿಯಾ ರೈಡಿಗೆ ಬಂದಾಗ ಅವಳು ಯಾವ ಕಡೆ ಹೊರಳುತ್ತಾಳೆ ಎಂದು ಶೋಭಾರಾಣಿಗೆ ಮೊದಲೇ ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಕೈ ತಲುಪುವಷ್ಟರಲ್ಲಿ ಅಲ್ಲಿ ಕಾಲು ಇರುತ್ತಿರಲಿಲ್ಲ. ಮಣ್ಣು ಮಾತ್ರ ಇರುತ್ತಿತ್ತು.

"ಆಂಟಿ, ಪೆಟ್ಟಾಯ್ತಾ?" ಎಂದು ಜುವೇರಿಯಾ ಮೊದಲ ದಿನ ಕೈ ಕೊಟ್ಟು ಎಬ್ಬಿಸಿದಳು.

"ಆಂಟಿ ಅನ್ಬೇಡ ಕಣೇ. ಅಕ್ಕ ಅನ್ನು. ಇನ್ನೊಂದ್ಸಲ ಬಾ."

ಎರಡನೆಯ ವಾರದ ಹೊತ್ತಿಗೆ ಜುವೇರಿಯಾಳನ್ನು ಒಮ್ಮೊಮ್ಮೆ ಹಿಡಿಯಲು ಬಂತು. ಮೊಣಕೈ ತರಚಿ, ಒಣಗಿ, ಮತ್ತೆ ತರಚಿತು. ಸುನಂದಳಿಗೆ ಕಾರ್ನರ್‌ನಲ್ಲಿ ನಿಲ್ಲುವುದು ಹೇಗೆಂದು ಶೋಭಾರಾಣಿ ಹೇಳಿಕೊಡಲು ಹೋದಳು. ಆ ಹುಡುಗಿ ತಲೆಯಾಡಿಸಿ ಕೇಳಿಸಿಕೊಂಡು, ಕೊನೆಗೆ, "ಅವತ್ತು ಸಾರ್ ನಿಲ್ಲು ಅಂದ್ರು, ನಿಂತೆ ಅಕ್ಕ. ನಾನು ಅಲ್ಲಿ ಮೊದಲ್ನೇ ಸಲ ನಿಂತಿದ್ದು," ಅಂದಳು. ಶೋಭಾರಾಣಿ ಅವಳ ಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, "ಹಿಂಗಿಟ್ಕೋ," ಅಂದಳು.

ನಂಗಲಿಯವರು ಬಂದ ದಿನ ಬಿಸಿಲು ಚುರುಕಾಗಿತ್ತು. ಮನೆಯಲ್ಲಿ ಹುಳ ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪಿಗೆ ಬಾಯಿ ಹಾಕಿತ್ತು. ಹಾಕಿದಷ್ಟೂ ಖಾಲಿಯಾಗುವ ದಿನಗಳು. ವೆಂಕಟರತ್ನಮ್ಮ ಮಗನನ್ನು ಹೊರಗೆ ಬಿಡಲಿಲ್ಲ. ಹಾಗಾಗಿ ಹೆಂಡತಿ ಆಡುವುದನ್ನು ನೋಡಲು ವೆಂಕಟ್ ಬರಲಿಲ್ಲ, ಮಗಳನ್ನು ಕಳಿಸಿದ. ಹಗ್ಗದ ಆಚೆ ಕೋದಂಡರಾಮಪ್ಪ, ಅಮ್ಜದ್, ಮತ್ತೆ ಊರಿನ ಅರ್ಧ ಜನ.

ಬೆಂಚಿನಿಂದ ಆಟ ಬೇರೆಯ ಹಾಗೆ ಕಾಣುತ್ತದೆ ಎಂದು ಶೋಭಾರಾಣಿಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಅವಳು ಬೆಂಚಿನ ಮೇಲೆ ಕೂತವಳೇ ಅಲ್ಲ. ಹಗ್ಗದ ಆಚೆ ನಿಂತಾಗ ಆಟಗಾರರ ತಪ್ಪು ಕಾಣುತ್ತಿತ್ತು. ಇಲ್ಲಿ ಕೂತರೆ ಅವರ ಉಸಿರು ಕೇಳಿಸುತ್ತಿತ್ತು. ಮೇಘನ ಪಾದಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಮೊದಲರ್ಧ ಆಡಿದಳು, ಚೆನ್ನಾಗಿಯೇ ಆಡಿದಳು. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಕೈ ಎತ್ತಿದಳು. ವಕ್ಕಲೇರಿ ಎರಡು ಅಂಕ ಮುಂದಿತ್ತು. ಅಮರನಾಥ್ ಬೆಂಚಿನ ಕಡೆ ನೋಡಿದ. ಅಲ್ಲಿ ಇದ್ದವರು ಇಬ್ಬರು. ಸುನಂದ ತಾನೇ ಶೋಭಾರಾಣಿಯ ಬೆನ್ನು ತಟ್ಟಿ, "ಹೋಗಿ ಅಕ್ಕ," ಅಂದಳು.

ಮೊದಲ ರೈಡಿಗೇ ನಂಗಲಿಯ ಉದ್ದನೆಯ ಹುಡುಗಿ ಬಂದಳು. ಹೊಸಬಳು ಯಾರೆಂದು ನೋಡಿಕೊಂಡಳು. ಬೆನ್ನು ತಿರುಗಿಸಿದ ಹಾಗೆ ಮಾಡಿದಳು. ಅದು ಬರೀ ನಾಟಕವೆಂದು ಶೋಭಾರಾಣಿಗೆ ಗೊತ್ತಿತ್ತು. ಮೂರು ವಾರದ ಹಿಂದೆ ಹಗ್ಗದ ಆಚೆ ನಿಂತು ಅದನ್ನೇ ನೋಡಿದ್ದಳು. ಆದರೂ ಕಾಲು ಮುಂದಕ್ಕೆ ಹೋಯಿತು. ಹೋಗಬಾರದು ಎಂದು ತಲೆ ಹೇಳುವ ಮೊದಲೇ ಹೋಗಿತ್ತು. ರೈಡರ್‌ನ ಬೆರಳು ಅವಳ ತೊಡೆಗೆ ತಗುಲಿತು. ಔಟ್.

"ಕಾರ್ನರ್ ಬಿಟ್ಟು ಯಾಕಮ್ಮ ಹೋಗ್ತೀಯಾ!" ಹಗ್ಗದ ಆಚೆಯಿಂದ ಕೋದಂಡರಾಮಪ್ಪನ ಗಂಟಲು. ಇಡೀ ಮೈದಾನಕ್ಕೆ ಕೇಳಿಸಿತು.

ಅವಳು ಹೊರಗೆ ಹೋಗಿ, ಔಟಾದವರು ಕೂರುವ ಜಾಗದಲ್ಲಿ ಕೂತಳು. ಪಕ್ಕದ ಬೆಂಚಿನಲ್ಲಿದ್ದ ಸುನಂದ ಏನಾದರೂ ಹೇಳಬಹುದಿತ್ತು. ಅವಳು ಜುವೇರಿಯಾಳ ರೈಡ್ ನೋಡುತ್ತಿದ್ದಳು. ಜುವೇರಿಯಾ ಒಬ್ಬಳನ್ನು ಮುಟ್ಟಿ ಬಂದಳು. ಅದರಿಂದ ಶೋಭಾರಾಣಿಗೆ ಮತ್ತೆ ಒಳಗೆ ಹೋಗುವ ಅವಕಾಶ ಸಿಕ್ಕಿತು.

ಆಟ ಮುಗಿಯುವ ಹೊತ್ತಿಗೆ ನಂಗಲಿಯವರು ಒಂದು ಅಂಕ ಮುಂದೆ ಹೋಗಿದ್ದರು. ಅದೇ ಉದ್ದನೆಯ ಹುಡುಗಿ ಕೊನೆಯದಾಗಿ ರೈಡಿಗೆ ಬಂದಳು. ಮುಂದಿದ್ದಾರಲ್ಲ, ಸುಮ್ಮನೆ ಬಂದು ಹೋದರೂ ಸಾಕಿತ್ತು ಅವಳಿಗೆ. ಆದರೆ ಶೋಭಾರಾಣಿಯ ಕಡೆ ಸುಲಭದ ಅಂಕ ಇದೆ ಎಂದುಕೊಂಡಳೋ ಏನೋ, ಎಡಗಡೆಗೆ ಬಂದು ಕಾಲು ಚಾಚಿದಳು. ಈ ಸಲ ಶೋಭಾರಾಣಿ ಮುಂದೆ ಹೋಗಲಿಲ್ಲ. ಧೈರ್ಯವೋ ಜಾಣತನವೋ ಅಲ್ಲ, ಉಸಿರೇ ಇರಲಿಲ್ಲ. ಕಾಲು ತಾನಾಗಿ ಹತ್ತಿರ ಬಂತು. ಎರಡು ಕೈಯಲ್ಲೂ ಪಾದದ ಗಂಟನ್ನು ಹಿಡಿದು ಮಣ್ಣಿಗೆ ಬಿದ್ದಳು. ಮೇಲೆ ಇನ್ನಾರೋ ಬಿದ್ದರು, ಮತ್ತಾರೋ. ಬಾಯಲ್ಲಿ ಮಣ್ಣು. ಸೀಟಿ ಕೇಳಿಸುವವರೆಗೂ ಅವಳು ಬಿಡಲಿಲ್ಲ.

ಇಪ್ಪತ್ತೈದು, ಇಪ್ಪತ್ತೈದು. ಮ್ಯಾಚ್ ಡ್ರಾ.

ಹುಡುಗಿಯರು ಎಬ್ಬಿಸಿ ತಬ್ಬಿಕೊಂಡರು. ಮಗಳು ಹಗ್ಗದ ಅಡಿಯಲ್ಲಿ ನುಸುಳಿ ಓಡಿಬಂದಳು. ಆದರೆ ಲೆಕ್ಕ ಲೆಕ್ಕವೇ. ನಾಲ್ಕು ಊರುಗಳ ಆ ಲೀಗಿನಲ್ಲಿ ಫೈನಲ್ ಮುಟ್ಟಲು ಗೆಲುವು ಬೇಕಿತ್ತು, ಡ್ರಾ ಸಾಲದು. ನಂಗಲಿಯವರೂ ಮಾಲೂರಿನವರೂ ಫೈನಲ್ಲಿಗೆ ಹೋದರು. ವಕ್ಕಲೇರಿ ಮನೆಗೆ ಹೋಯಿತು.

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಶೋಭಾರಾಣಿ ಬಲಗಾಲನ್ನು ಎಳೆದುಕೊಂಡು ನಡೆಯುತ್ತಿದ್ದಳು. ಪಕ್ಕದ ಟೀ ಅಂಗಡಿಯ ಮುಂದೆ ಕೋದಂಡರಾಮಪ್ಪ, ಅಮ್ಜದ್ ಕೂತಿದ್ದರು. ಮಾತು ಆಗಲೇ ಶುರುವಾಗಿತ್ತು. ಅವಳನ್ನು ಕಂಡು ಇಬ್ಬರೂ ಅರ್ಧಕ್ಕೆ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ? ಹೇಳಿ ಮಾಮ," ಎಂದು ಅವಳು ಕ್ಯಾನು ಕೆಳಗಿಟ್ಟು ಬೆಂಚಿನ ತುದಿಯಲ್ಲಿ ಕೂತಳು.

"ಏನಿಲ್ಲಮ್ಮ. ನಿನ್ನ ವಯಸ್ಸಿಗೆ ಭಾಳ ಚೆನ್ನಾಗಿ ಆಡಿದೆ ಅಂತಿದ್ದೆ."

"ವಯಸ್ಸಿನ ಮಾತು ಬಿಡಿ. ಸುನಂದನ ಬಗ್ಗೆ ಮಾತಾಡಿದ ಹಾಗೇ ನನ್ನ ಬಗ್ಗೆನೂ ಮಾತಾಡಿ."

ಕೋದಂಡರಾಮಪ್ಪ ಅಮ್ಜದ್‌ನ ಮುಖ ನೋಡಿದರು. ಅಮ್ಜದ್ ಟೀ ಗ್ಲಾಸಿನೊಳಗೆ ನೋಡಿದ.

"ಸರಿ, ನಾನೇ ಹೇಳ್ತೀನಿ," ಅಂದಳು ಶೋಭಾರಾಣಿ. "ಮೊದಲ್ನೇ ರೈಡಿನ ತಪ್ಪು ಪೂರ್ತಿ ಕಾರ್ನರ್‌ದೇ. ಅಲ್ಲಿ ಔಟಾಗದೆ ಇದ್ದಿದ್ರೆ ಆ ಅಂಕ ಹೋಗ್ತಿರ್ಲಿಲ್ಲ, ನಾವು ಫೈನಲ್‌ಗೆ ಹೋಗ್ತಿದ್ವಿ. ಕೊನೇದು ಚೆನ್ನಾಗಿ ಹಿಡಿದ್ಲು, ಆದ್ರೆ ಅದ್ರಲ್ಲಿ ಅರ್ಧ ಅದೃಷ್ಟ. ಸುನಂದ ಈಗ ಕಾಲಿಡೋದು ಕಲ್ತಿದಾಳೆ, ಇನ್ನಾರು ತಿಂಗಳಲ್ಲಿ ನನಗಿಂತ ಚೆನ್ನಾಗಿ ನಿಲ್ತಾಳೆ."

"ಅಂದ್ರೆ ಮುಂದಿನ ವರ್ಷ ನೀವಿರಲ್ವಾ ಅಕ್ಕ?" ಅಮ್ಜದ್ ಕೇಳಿದ.

"ಇರ್ತೀನಿ. ಬೆಂಚ್ ಮೇಲೆ ಯಾರಾದ್ರೂ ಕೂರ್ಬೇಕಲ್ಲ."

ಕೋದಂಡರಾಮಪ್ಪ ಇನ್ನೊಂದು ಟೀ ಹೇಳಿದರು. ಬೆಂಚಿನ ಮಾತು ಮತ್ತೆ ಎದ್ದಿತು: ಲೀಗಿನ ಶ್ರೀನಿವಾಸಪುರದವರು ಮ್ಯಾಚಿಗೆ ಹತ್ತು ಜನರನ್ನು ಕರೆದುಕೊಂಡು ಹೋಗುತ್ತಾರಂತೆ, ಅದರಲ್ಲಿ ಮೂವರು ಮದುವೆಯಾದವರಂತೆ, ಒಬ್ಬಳಿಗೆ ಎರಡು ಮಕ್ಕಳಂತೆ. ನಮ್ಮೂರಿನಲ್ಲಿ ಸೊಸೆಯಾಗಿ ಬಂದವರಲ್ಲಿ ಆಡಿದವರು ಯಾರು ಯಾರಿದ್ದಾರೆ ಎಂದು ಅಮ್ಜದ್ ಯೋಚಿಸಿದ. ಒಂದೆರಡು ಹೆಸರು ಬಂದವು. ಒಬ್ಬಳ ಅತ್ತೆ ಬಿಡುವುದಿಲ್ಲ ಎಂದರು ಕೋದಂಡರಾಮಪ್ಪ. ಆ ಅತ್ತೆಯನ್ನು ಒಪ್ಪಿಸಲು ತನ್ನ ಅತ್ತೆ ವೆಂಕಟರತ್ನಮ್ಮನನ್ನು ಕಳಿಸಿದರೆ ಹೇಗೆ ಎಂದಳು ಶೋಭಾರಾಣಿ. ಮೂವರೂ ಅದನ್ನು ನಿಜವಾಗಿಯೇ ಯೋಚಿಸತೊಡಗಿದರು.