ಓಣಿ ಉಳಿಸಿಕೊಂಡ ಗಿರಣಿ

ನಾನು ಜೋಳ ಬೀಸುವ ಗಿರಣಿ. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ನನ್ನ ಕಬ್ಬಿಣದ ಮೈ ತಯಾರಾಯಿತು. ಹೊಟ್ಟೆಯೊಳಗೆ ಎರಡು ದುಂಡು ಕಲ್ಲು ಕೂರಿಸಿ, ತಲೆಯ ಮೇಲೆ ಕಾಳು ಸುರಿಯುವ ತಗಡಿನ ಬುಟ್ಟಿ ಇಟ್ಟು, ಹಸಿರು ಬಣ್ಣ ಬಳಿದರು. ಮೊದಲ ಸಲ ಪಟ್ಟಾ ತಿರುಗಿದಾಗ ಇಡೀ ಶೆಡ್ಡು ನಡುಗಿತು. ನನಗೆ ಬಲು ಹೆಮ್ಮೆಯಾಯಿತು.

ನನ್ನನ್ನು ಕೊಂಡವನು ಗದಗಿನ ಅಡಿವೆಪ್ಪ. ಓಣಿಯ ಮೂಲೆಯ ಬಾಡಿಗೆ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿದ. ಬೀಸುವಾಗ ಹಾಡುತ್ತಿದ್ದ, ಆ ಗದ್ದಲದಲ್ಲಿ ಅವನ ಹಾಡು ನನಗೆ ಮಾತ್ರ ಕೇಳುತ್ತಿತ್ತು. ಒಂದು ಬೇಸಿಗೆಯಲ್ಲಿ ಎದೆನೋವಿನಿಂದ ತೀರಿಕೊಂಡ. ನಾನು ಕತ್ತಲಲ್ಲಿ ನಿಂತೆ. ಜೇಡ ನನ್ನ ಬಾಯಿಗೆ ಬಲೆ ಕಟ್ಟಿತು.

ಬಾಗಿಲು ತೆರೆದವಳು ಅವನ ಹೆಂಡತಿ ಕಾಶವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿ ಹಿಡಿದು, ನನ್ನ ಕಲ್ಲುಗಳನ್ನು ಹರಿತ ಮಾಡಲು ಕೂತಳು. ನೋಡಿದವರು ನಕ್ಕರು. ಮೊದಲ ಹಿಟ್ಟು ನುಚ್ಚಿನಂತೆ ಬಂತು. ಅದನ್ನು ತಾನಿಟ್ಟುಕೊಂಡು, ಕಲ್ಲು ಮತ್ತೆ ತಿದ್ದಿ, ಗಿರಾಕಿಗೆ ತನ್ನ ಮನೆಯ ಜೋಳವನ್ನೇ ನುಣ್ಣಗೆ ಬೀಸಿ ಕೊಟ್ಟಳು. ಆಮೇಲೆ ಯಾರೂ ನಗಲಿಲ್ಲ. ಕಾಲುನೋವಿನ ಮುದುಕಿಯರ ಮನೆಗೆ ತಾನೇ ಹೋಗಿ ಜೋಳದ ಡಬ್ಬಿ ತರುತ್ತಿದ್ದಳು, ಬೀಸಿ ಮುಟ್ಟಿಸುತ್ತಿದ್ದಳು.

ಆಗ ಓಣಿಯ ತುದಿಗೆ ದೊಡ್ಡ ಅಂಗಡಿ ಬಂತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಹೊಳೆಯುವ ಚೀಲಗಳಲ್ಲಿ ಹಿಟ್ಟು. ನನ್ನ ಮುಂದಿನ ಸಾಲು ಕರಗಿತು. ಒಂದು ಸಂಜೆ ಕೋಣೆಯ ಮಾಲೀಕ ವೀರಬಸಪ್ಪ ಬಂದು ನಿಂತ.

"ಕಾಶವ್ವಾ, ಆ ಅಂಗಡಿಯವ್ರು ಗೋಡಾನಿಗೆ ಈ ಕೋಣಿ ಕೇಳ್ಯಾರ. ಖಾಲಿ ಮಾಡಿ ಕೊಡವಾ. ಗಿರಾಕಿನ ಇಲ್ಲ, ಯಾರ ಸಲುವಾಗಿ ನಡಸ್ತಿ?"

ಕಾಶವ್ವ ಬಟ್ಟೆ ಕೈಗೆತ್ತಿಕೊಂಡಳು. ನನ್ನ ಮೈ ಒರೆಸುತ್ತ ನಿಂತಳು.

ಸುದ್ದಿ ಓಣಿಯಲ್ಲಿ ಹಬ್ಬಿತು. ಮರುದಿನ ಬೆಳಿಗ್ಗೆ ಕಾಶವ್ವ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು. ನಮ್ಮ ಕೋಣೆಯ ಕಟ್ಟೆಯಿಂದ ಮಸೀದಿಯ ತಿರುವಿನವರೆಗೂ ಡಬ್ಬಿಗಳ ಸಾಲು! ಎಲ್ಲರಿಗಿಂತ ಮುಂದೆ, ಕೋಲೂರಿಕೊಂಡು, ವೀರಬಸಪ್ಪನ ತಾಯಿ ನೀಲವ್ವ.

ಮಗ ಓಡಿಬಂದ. "ಯವ್ವಾ, ನೀ ಯಾಕ ಬಂದಿ? ಕಾಲು ನೋಯಂಗಿಲ್ಲೇನು?"

"ನೋಯ್ತಾವಪಾ. ಇಷ್ಟ ದಿನಾ ಆಕಿ ನಮ್ಮ ಬಾಗಲಿಗೆ ಬಂದ್ಳು, ಇವತ್ತ ನಾವು ಆಕಿ ಬಾಗಲಿಗೆ ಬಂದೀವಿ. ಯಾರ ಸಲುವಾಗಿ ಅಂತ ಕೇಳಿದ್ಯಲ್ಲ, ನೋಡು!"

ಹಿಂದಿನಿಂದ ಖಾನಾವಳಿ ನಡೆಸುವ ಗುರಸಿದ್ದವ್ವ ಕೂಗಿದಳು: "ನಮ್ಮ ಖಾನಾವಳಿ ರೊಟ್ಟಿಗೆ ಇನ್ನ ಮ್ಯಾಲ ಇಲ್ಲಿದ ಹಿಟ್ಟು!" ಹಪ್ಪಳ ಮಾರುವ ಜೈತುನಬಿ, "ನಂದೂ ಇಲ್ಲೇ" ಎಂದು ತನ್ನ ಡಬ್ಬಿಯ ಮುಚ್ಚಳ ಬಡಿದಳು. ಸಾಲಿನುದ್ದಕ್ಕೂ ಮುಚ್ಚಳಗಳು ಸದ್ದು ಮಾಡಿದವು.

ವೀರಬಸಪ್ಪ ತಾಯಿಯ ಕೈಯಿಂದ ಡಬ್ಬಿ ಇಸಿದುಕೊಂಡು ತಾನೇ ನನ್ನ ಬುಟ್ಟಿಗೆ ಸುರಿದ. "ಆತ ಬಿಡವಾ ಕಾಶವ್ವಾ, ಕೋಣಿ ನಿನಗ ಇರ್ಲಿ. ಮೊದಲ ನಮ್ಮವ್ವನ ಜ್ವಾಳಾ ಬೀಸು."

ಕಾಶವ್ವ ಸ್ವಿಚ್ಚು ಒತ್ತಿದಳು. ಅಂದು ನಾನು ಗುಡುಗಿದಷ್ಟು ಎಂದೂ ಗುಡುಗಿಲ್ಲ.

ಈಗ ಪಕ್ಕದಲ್ಲಿ ಖಾರ ಕುಟ್ಟುವ ಹೊಸ ಯಂತ್ರ ಬಂದಿದೆ. ನನಗೆ ವಯಸ್ಸಾಯಿತು, ಮೈ ಗಡಗಡ ಎನ್ನುತ್ತದೆ. ದೊಡ್ಡ ಅಂಗಡಿಯೂ ಇದೆ. ಅದರ ಕಾವಲುಗಾರ ತನ್ನ ಜೋಳ ಬೀಸಿಸಲು ನನ್ನ ಬಳಿಗೇ ಬರುತ್ತಾನೆ. ನನ್ನನ್ನು ತಿರುಗಿಸುವುದು ಕರೆಂಟು ಎಂದುಕೊಂಡಿದ್ದೆ. ಅದೊಂದೇ ಅಲ್ಲ ಎಂದು ಈಗ ಗೊತ್ತು.

ಮೊನ್ನೆ ಗುಜರಿಯವನು ನನ್ನನ್ನು ಕೇಳಿಕೊಂಡು ಬಂದಿದ್ದ. ಕಾಶವ್ವ ತಲೆಯೆತ್ತದೆ ಹೇಳಿದಳು:

"ಮುಂದ ನಡಿಯಪಾ. ಇದು ಓಣಿದು. ಮಾರಾಕ ನಂದಲ್ಲ."