ಗದ್ದದ ಕೆಳಗಿನ ಅಂಗೈ

ನೊರೆ ಹೆಚ್ಚಾಗಿ ಮೇಷ್ಟ್ರ ಮೂಗಿನ ತುದಿಗೂ ಮೆತ್ತಿಕೊಂಡಿತು, ಮೆತ್ತಲಿ ಬಿಡು, ಕ್ಷೌರಿಕ ಬ್ರಷ್ಷನ್ನು ಇನ್ನೂ ಜೋರಾಗಿ ತಿರುವಿದ — ಇಂಗ್ಲಿಷ್ ಕಲಿಸ್ತಾನಂತೆ ಇಂಗ್ಲಿಷು, ಈ ಕ್ಷೌರಿಕನ ಹೆಂಡತಿಗೆ, ಈ ಕ್ಷೌರಿಕನ ಮನೆಯೊಳಗೇ ಕೂತು, ನಾಳೆ ಅವಳಿಗೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ರೈಲು ಬರೋದು ಹೋಗೋದು ಹೇಳುವ ಕೆಲಸಕ್ಕೆ ಪರೀಕ್ಷೆ, ಉದ್ದುದ್ದ ಪದ ಬಂದ್ರೆ ನಾಲಿಗೆ ತೊಡರುತ್ತೆ ರೀ ಎಂದಿದ್ದಳು, ಕಲಿ ಎಂದವನು ತಾನೇ, ಹೇಳಿದ್ದು ನಾಲಿಗೆಗೆ, ಗದ್ದಕ್ಕಲ್ಲ. ನಿನ್ನೆ ಊಟಕ್ಕೆ ಮನೆಗೆ ಹೋದವನು ಚಪ್ಪಲಿ ಬಿಡುತ್ತಾ ಕಿಟಕಿಯಲ್ಲಿ ನೋಡಿದ, ಅವಳ ಗದ್ದದ ಕೆಳಗೆ ಮೇಷ್ಟ್ರ ಅಂಗೈ, ಅಗಲಕ್ಕೆ, ತಟ್ಟೆಯ ಹಾಗೆ, ಅವಳು ಕಣ್ಣು ಮುಚ್ಚಿ ಇನ್, ಫರ್, ಮೇ, ಷನ್ ಅನ್ನುತ್ತಿದ್ದಳು, ಉಣ್ಣದೆ ಅಂಗಡಿಗೆ ವಾಪಸು ಬಂದ. ಸಂಜೆ ಅವಳೇ ಹೇಳಿದಳು, ಗದ್ದ ಎಷ್ಟು ಸಲ ಇಳಿಯುತ್ತೋ ಪದದಲ್ಲಿ ಅಷ್ಟು ತುಂಡು ರೀ, ಕೈಯಿಟ್ಟು ನೋಡಿದ್ರೆ ಗೊತ್ತಾಗುತ್ತೆ — ಯಾರ ಕೈ? ಕೇಳಿದ್ದರೆ ನಕ್ಕುಬಿಡುತ್ತಿದ್ದಳು, ನಕ್ಕರೂ ಗದ್ದ ಇಳಿಯುತ್ತೆ. ನಾಳೆ ಹೋಗಬೇಡ, ಕೆಲಸವೂ ಬೇಡ ಮೈಕೂ ಬೇಡ, ಇವತ್ತೇ ಅವಳಿಗೆ ಹೇಳಿಬಿಡಬೇಕು. ಏನಪ್ಪಾ, ಕೈ ಯಾಕೋ ಬಿರುಸು ಇವತ್ತು? ಬ್ಲೇಡು ಹೊಸದು ಮೇಷ್ಟ್ರೇ, ಅಲ್ಲಾಡಬೇಡಿ — ಅಲ್ಲಾಡಿದರೆ ಒಳ್ಳೆಯದೇ. ಎರಡು ಬೆರಳಲ್ಲಿ ಮೇಷ್ಟ್ರ ಗದ್ದ ಎತ್ತಿದ, ಬೀದಿಯವರ ಗದ್ದವನ್ನೆಲ್ಲ ದಿನಾ ಹೀಗೇ ಎತ್ತುತ್ತಾನೆ, ಜವಳಿ ಅಂಗಡಿಯವನದು, ಪೊಲೀಸಿನವನದು, ಅವನು ಹಿಡಿದ ಕಳ್ಳನದು, ಯಾರ ಹೆಂಡತಿಯೂ ಬಂದು ಜಗಳ ತೆಗೆದಿಲ್ಲ, ಇದು ಕೆಲಸ, ಅದೂ ಕೆಲಸವೇ ಅನ್ನುತ್ತಾನೇನೋ ಈ ಬಡ್ಡೀಮಗ, ಮನೆಯವಳ ಗದ್ದ ತಾನು ಎತ್ತಿದ್ದು ಯಾವಾಗ, ನೆನಪೇ ಬರುತ್ತಿಲ್ಲ. ನಿನ್ನ ಮನೆಯವರು ಬಲು ಚುರುಕಪ್ಪಾ, ಪದ ತುಂಡು ಮಾಡೋದು ಬಂತು, ಯಾವ ತುಂಡನ್ನ ಒತ್ತಿ ಹೇಳ್ಬೇಕು ಅನ್ನೋದೊಂದೇ ಬಾಕಿ, ಬೇಕಾದ್ರೆ ನೀನೇ ನೋಡು, ಅಂಗೈ ಇಡು. ಕತ್ತಿ ಕುತ್ತಿಗೆಯ ಮೇಲೇ ಇತ್ತು, ಎಡಗೈ ತಾನಾಗಿ ಮೇಷ್ಟ್ರ ಗದ್ದದ ಕೆಳಗೆ ಹೋಯಿತು, ಇನ್, ಇಳಿಯಿತು, ಫರ್, ಇಳಿಯಿತು, ಮೇ — ಇದು ಭಾರ, ಉದ್ದ, ಅಂಗೈಯಲ್ಲಿ ಬೆಚ್ಚಗೆ ಕೂತೇಬಿಟ್ಟಿತು, ಹಾಗಾದರೆ ಅವಳದೂ ಹೀಗೇ ಕೂತಿತ್ತು, ಇಷ್ಟೇ ಭಾರ, ಇಷ್ಟೇ ಬೆಚ್ಚಗೆ, ಕತ್ತಿ ನಿಂತಿತು, ನೊರೆ ಒಣಗುತ್ತಿದೆ, ಯಾಕಪ್ಪಾ ನಿಲ್ಲಿಸಿದೆ, ಅವಳು ಕಣ್ಣು ಮುಚ್ಚಿದ್ದಳು, ಕೆಳಗೆ ಅಂಗೈ, ಅಗಲಕ್ಕೆ, ತಟ್ಟೆಯ ಹಾಗೆ, ಅಂಗೈ ತೆಗೆಯಲೂ ಆಗಲಿಲ್ಲ, ಕತ್ತಿ ಎಳೆಯಲೂ ಆಗಲಿಲ್ಲ.