ಅಪೊಂಡಿಯ ದನಿ

"ಬಾಯಲ್ಲಿ ಉಗಾಲಿ ಮುದ್ದೆ ಇಟ್ಕೊಂಡಿದ್ದೀಯೇನೇ? ಉಗುಳಿ ಓದು!" ಗಾಜಿನ ಆಚೆಯಿಂದ ಮುರಿಮಿ ಕೂಗಿದ.

ಮೈಕಿನ ಮುಂದಿದ್ದ ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದೆ. ಎಲ್ಲ ನಮ್ಮ ಲುವೊ ಭಾಷೆಯ ವಾಕ್ಯಗಳು. 'ನಮಸ್ಕಾರ.' 'ದಯವಿಟ್ಟು ಕಾಯಿರಿ.' 'ಈ ಸಲ ನಿಮಗೆ ಕೆಲಸವಿಲ್ಲ, ಮತ್ತೆ ಅರ್ಜಿ ಹಾಕಿ.' ಮುರಿಮಿ ಕಿಕುಯು ಜನದವನು, ನಮ್ಮ ಭಾಷೆ ಅವನಿಗೆ ಒಂದಕ್ಷರ ಬಾರದು. ಅವನು ನೋಡುವುದು ಪರದೆಯ ಮೇಲೆ ಓಡುವ ಗೆರೆಯನ್ನು. ದನಿ ಸ್ಪಷ್ಟವಾಗಿ ಬಂದರೆ ಗೆರೆ ಹಸಿರು, ಇಲ್ಲದಿದ್ದರೆ ಕೆಂಪು, ಆಮೇಲೆ ಬೈಗುಳ. ಕಂಪನಿಯ ಕೆಲಸಕ್ಕೆ ಇದೇ ಪರೀಕ್ಷೆಯಂತೆ.

"ನಡಿ. ಕೆಲಸ ಉಂಟೋ ಇಲ್ವೋ ಅಂತ ಫೋನ್ ಬರ್ತದೆ," ಅಂದ.

ಬಂತು. ಕಿಬೇರಾ ಕೊಳೆಗೇರಿಯ ನಮ್ಮ ತಗಡಿನ ಮನೆಯಲ್ಲಿ ಅವ್ವ ಒಮೆನಾ ಮೀನು ಹುರಿಯುತ್ತಿದ್ದಳು. ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ನಮಸ್ಕಾರ. ಈ ಸಲ ನಿಮಗೆ ಕೆಲಸವಿಲ್ಲ, ಮತ್ತೆ ಅರ್ಜಿ ಹಾಕಿ." ಕೊನೆಯಲ್ಲಿ ನುಂಗಿಕೊಂಡ ಒಂದು ಕೆಮ್ಮು.

ಅವ್ವನ ಕೈಯಿಂದ ಸೌಟು ಜಾರಿತು. "ಅಪೊಂಡೀ," ಅಂದಳು.

ಅಪೊಂಡಿ ನನ್ನ ಅಕ್ಕ. ಹೋದ ಮಳೆಗಾಲದಲ್ಲಿ ಜ್ವರದ ಮೈಯಲ್ಲೇ ಎದ್ದು ಹೋಗಿ ಇದೇ ಪರೀಕ್ಷೆ ಕೊಟ್ಟು ಬಂದಿದ್ದಳು. ಕೆಲಸವಿಲ್ಲ ಎಂದು ಅವಳಿಗೆ ಹೇಳಿದ್ದು ಬೇರೆ ಯಾವುದೋ ಹೆಣ್ಣಿನ ದನಿ. ಜ್ವರ ಇಳಿಯಲಿಲ್ಲ. ನಮ್ಮೂರು ಸಿಯಾಯದ ಹೊಲದಲ್ಲೇ ಅವಳನ್ನು ಮಣ್ಣು ಮಾಡಿದೆವು.

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಉಂಡ್ಯೇನೇ ಮಗಾ?" ಎಂದು ಕೇಳಿದಳು. ಫೋನ್ ಆಗಲೇ ಕಟ್ಟಾಗಿತ್ತು.

"ಇನ್ನೊಂದ್ ಅರ್ಜಿ ಹಾಕಮ್ಮಿ ಅವಿನೊ," ಅಂದಳು ನನಗೆ. "ಅವ್ಳು ಮತ್ತೆ ಮಾತಾಡ್ಲಿ."

ಹಾಕಿದೆ. ಮತ್ತೆ ಮತ್ತೆ ಹಾಕಿದೆ. ಅಷ್ಟು ಸಾಲದೆಂದು ಅವ್ವ ಓಣಿಯವರ ಕೈಯಲ್ಲೂ ಹಾಕಿಸಿದಳು. ಯಾರ ಮನೆಯಲ್ಲಿ ಫೋನ್ ಬಡಿದುಕೊಂಡರೂ ಸೊಂಟದ ಬಟ್ಟೆ ಬಿಗಿದು ಓಡುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಅಟಿಸ್, ನಾವು ಬಾಗಿಲಲ್ಲಿ ನಿಂತಿರುವುದನ್ನು ಕಾಣದೆ, ಫೋನಿಗೆ ಉಗಿದಳು. "ದರಿದ್ರ ಮುಂಡೆ! ನಮ್ ಹೊಟ್ಟೆ ಮೇಲ್ ಹೊಡ್ಯೋಳೇ, ನಿನ್ ನಾಲ್ಗೆ ಸೇದೋಗಾ!"

ಅಟಿಸ್ ಕೆಳಗಿಟ್ಟ ಫೋನಿನ ಮೇಲಿದ್ದ ಎಂಜಲನ್ನು ಅವ್ವ ಸೊಂಟದ ಬಟ್ಟೆಯಿಂದ ಒರೆಸಿದಳು. ಬದುಕಿದ್ದಾಗ ಕೆಲಸ ಕೊಡದವರು ಸತ್ತ ಮೇಲೆ ಅಕ್ಕನನ್ನು ಪುಕ್ಕಟೆ ದುಡಿಸುತ್ತಿದ್ದರು. ಊರಿನ ಶಾಪವೆಲ್ಲ ಅವಳ ತಲೆಗೆ.

ಹೋಗಿ ಮುರಿಮಿಯನ್ನು ಕೇಳಿದೆ. ಅವನು ನಕ್ಕ.

"ಪರೀಕ್ಷೆಲಿ ಓದಿದ್ದು ಕಂಪನಿ ಸೊತ್ತು. ಸತ್ತವಳ ದನಿ ಅಂತ ಯಾವನಿಗೆ ಗೊತ್ತಾಗ್ತದೆ? ಕೆಮ್ಮು ಕೇಳಿಸ್ತದೆ ಅಂತ ಮೇಲಿನವರು ನನಗೆ ಉಗಿದಿದ್ದಾರೆ, ಅದೊಂದೇ ತಲೆನೋವು. ನೀನೇ ಓದು, ಅವಳದ್ದನ್ನ ಅಳಿಸ್ತೀನಿ."

"ನಂಗೆ ಕೆಲ್ಸ?"

"ಮೊದಲು ಓದೇ. ಆಮೇಲೆ ನೋಡೋಣ."

ಮೈಕಿನ ಮುಂದೆ ಕೂತೆ. ನಾನು ಓದಿದರೆ ಅಕ್ಕನಿಗೆ ಬಿಡುಗಡೆ, ಅವ್ವನಿಗೆ ಇನ್ನೊಂದು ಸಾವು. ಓದದಿದ್ದರೆ ಹೊರಗಿನ ಸಾಲಿನಲ್ಲಿರುವ ಇನ್ನೊಬ್ಬಳು ಓದುತ್ತಾಳೆ. ಹಾಳೆಯನ್ನು ಮಗುಚಿಟ್ಟೆ.

"ನಮಸ್ಕಾರ," ಎಂದೆ ನಮ್ಮ ಭಾಷೆಯಲ್ಲಿ. "ನಿಮಗೆ ಕೆಲಸ ಸಿಕ್ಕಿದೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಬನ್ನಿ. ಮನೆಯವರನ್ನೂ ಕರೆತನ್ನಿ."

ಗೆರೆ ಉದ್ದಕ್ಕೂ ಹಸಿರು.

"ಈಗ ದಾರಿಗೆ ಬಂದೆ ನೋಡು," ಎಂದು ಮುರಿಮಿ ಅಕ್ಕನ ದನಿ ಅಳಿಸಿ ನನ್ನದನ್ನು ಹಾಕುವ ಗುಂಡಿ ಒತ್ತಿದ.

ಸೋಮವಾರ ಗೇಟಿನ ಮುಂದೆ ರಸ್ತೆ ಕಾಣದಷ್ಟು ಜನ. ಇಸ್ತ್ರಿ ಮಾಡಿದ ಅಂಗಿಗಳು, ಬೆನ್ನಿಗೆ ಕಟ್ಟಿದ ಕೂಸುಗಳು. ಅಟಿಸ್ ತುಟಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದಳು, ನನ್ನನ್ನು ನೋಡಿ ಕೈ ಬೀಸಿದಳು. ನನಗೆ ತಲೆ ಎತ್ತಲಾಗಲಿಲ್ಲ.

ಮುರಿಮಿ ಮಹಡಿಯ ಕಿಟಕಿ ತೆರೆದ. "ಯಾವ ಬೋಳಿಮಗ ಕರೆದಿದ್ದು ಇವರನ್ನೆಲ್ಲ?"

"ನಿನ್ ಕಂಪನೀನೇ ಕಣೋ!" ಜನ ಫೋನುಗಳನ್ನು ಎತ್ತಿ ಹಿಡಿದರು. ಕರೆಗಳು ಇನ್ನೂ ಬರುತ್ತಲೇ ಇದ್ದವು, ಎಲ್ಲದರಿಂದಲೂ ನನ್ನ ದನಿ ಕೇಳುತ್ತಿತ್ತು. ಕಾವಲುಗಾರರು ಲಾಠಿ ತೆಗೆದರು.

ಅವ್ವ ಜನರನ್ನು ಸರಿಸಿಕೊಂಡು ನನ್ನ ಬಳಿ ಬಂದಳು. ಅವಳಿಗೂ ಆ ಕರೆ ಬಂದಿತ್ತು.

"ಇದು ನಿನ್ ದನಿ," ಅಂದಳು. "ಅವ್ಳನ್ನ ಏನ್ ಮಾಡ್ದೆ?"

ಅವ್ವ ನನ್ನನ್ನು ಬಿಟ್ಟು ಹೋಗಿ ಗೇಟಿನ ಸರಳು ಹಿಡಿದು ಅಲುಗಿಸತೊಡಗಿದಳು.

"ನನ್ ಮಗ್ಳು ಒಳಗವ್ಳೆ! ಹೊರಕ್ ಕಳ್ಸ್ರೋ!"

ಮೊದಲ ಏಟು ಅವಳ ಬೆರಳಿನ ಮೇಲೆ ಬಿತ್ತು. ಅವಳು ಸರಳು ಬಿಡಲಿಲ್ಲ. ಹಿಂದಿದ್ದವರು ಒಬ್ಬೊಬ್ಬರಾಗಿ ಬಂದು ಗೇಟಿಗೆ ಹೆಗಲು ಕೊಟ್ಟರು.